ಕೈಸನ್ನೆ ಮತ್ತು ‘ಹೊರಗಿನವ’: ಆಳಂದ, ಅಫಜಲಪುರ, ಜೇವರ್ಗಿ ಪರಿಸರದ ಒಂದು ವಿವೇಚನೆ

ಪರಭಾಷೆಯನ್ನು ಕಲಿತವನು ಪದಸಂಪತ್ತನ್ನು ಗಳಿಸಬಲ್ಲ, ಉಚ್ಚಾರಣೆಯನ್ನೂ ತಿದ್ದಿಕೊಳ್ಳಬಲ್ಲ. ಆದರೆ ಮಾತಿನೊಡನೆ ತಾನಾಗಿ ಏಳುವ ಕೈ ಅವನ ಮೂಲವನ್ನು ಬಿಟ್ಟುಕೊಡುತ್ತದೆ ಎಂಬುದು ಬಹುಕಾಲದ ನಂಬಿಕೆ. 2009ರಲ್ಲಿ ತೆರೆಕಂಡ ಕ್ವೆಂಟಿನ್ ಟ್ಯಾರಂಟಿನೊ ಅವರ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ ಚಿತ್ರದಲ್ಲಿ ಜರ್ಮನ್ ವೇಷದ ಬ್ರಿಟಿಷ್ ಅಧಿಕಾರಿಯೊಬ್ಬ ಮೂರು ಲೋಟ ಮದ್ಯ ಕೇಳುವಾಗ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಎತ್ತುತ್ತಾನೆ. ಜರ್ಮನರು ಹೆಬ್ಬೆರಳಿನಿಂದ ಎಣಿಸುವವರು. ಅಷ್ಟರಿಂದಲೇ ವೇಷ ಬಯಲಾಗುತ್ತದೆ. ಮಹಾಭಾರತದ ವಿರಾಟಪರ್ವದಲ್ಲಿ ಅರ್ಜುನನು ಬಿಲ್ಲಿನ ಹೆದೆಯಿಂದಾದ ತೋಳಿನ ಕಲೆಗಳನ್ನು ಬಳೆಗಳಿಂದ ಮರೆಮಾಡಬೇಕಾಗುತ್ತದೆ. ಎರಡು ಪ್ರಸಂಗಗಳಲ್ಲಿಯೂ ಕೈ ಹೇಳುವುದು ಕುಲವನ್ನಲ್ಲ, ಅಭ್ಯಾಸವನ್ನು. ಈ ಭೇದವನ್ನು ಮರೆತರೆ ಸನ್ನೆಯ ಅಧ್ಯಯನ ದಾರಿತಪ್ಪುತ್ತದೆ ಎಂಬುದೇ ಪ್ರಸ್ತುತ ಲೇಖನದ ವಾದ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಈ ವಿವೇಚನೆಗೆ ತಕ್ಕ ಕ್ಷೇತ್ರಗಳು. ಮೊದಲಿನ ಎರಡು ಮಹಾರಾಷ್ಟ್ರದ ಗಡಿಗೆ ಹೊಂದಿವೆ. 1948ರವರೆಗೆ ಇದು ನಿಜಾಮನ ಆಳ್ವಿಕೆಯ ಸೀಮೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ, ಮರಾಠಿ, ಉರ್ದು ನುಡಿಗಳು ಒಂದೇ ಬೀದಿಯಲ್ಲಿ ಓಡಾಡುವ ಇಲ್ಲಿ ‘ಹೊರಗಿನವನು ಯಾರು’ ಎಂಬ ಪ್ರಶ್ನೆಗೆ ಸರಳ ಉತ್ತರವಿಲ್ಲ.

ಮೊದಲು ಎಣಿಕೆಯನ್ನೇ ನೋಡಬಹುದು. ಇಲ್ಲಿನ ಹಿರಿಯರು ಬೆರಳುಗಳನ್ನು ಎತ್ತಿ ಎಣಿಸುವುದಕ್ಕಿಂತ ಹೆಬ್ಬೆರಳನ್ನು ಅದೇ ಕೈಯ ಬೆರಳಗೆರೆಗಳ ಮೇಲೆ ಸರಿಸುತ್ತ ಎಣಿಸುವುದು ಹೆಚ್ಚು. ಬೆರಳಿಗೆ ಮೂರರಂತೆ ನಾಲ್ಕು ಬೆರಳಿಗೆ ಹನ್ನೆರಡು. ಯುರೋಪಿನಿಂದ ಬಂದವನು ಇಲ್ಲಿ ತಕ್ಷಣ ಬೇರೆಯಾಗಿ ಕಾಣುತ್ತಾನೆ, ನಿಜ. ಆದರೆ ಇದೇ ಎಣಿಕೆ ಭಾರತದ ಬೇರೆ ಅನೇಕ ಕಡೆಗಳಲ್ಲಿಯೂ ಇರುವುದರಿಂದ ಸೊಲ್ಲಾಪುರದವನನ್ನೂ ಆಳಂದದವನನ್ನೂ ಅದು ಬೇರ್ಪಡಿಸಲಾರದು. ಸನ್ನೆಯ ಗಡಿ ಇಲ್ಲಿ ಭಾಷೆಯ ಗಡಿಗಿಂತ ವಿಶಾಲವಾದುದು.

ಇದಕ್ಕೆ ವಿರುದ್ಧವಾದ ಉದಾಹರಣೆ ಉತ್ತರ ಕರ್ನಾಟಕದ ದನದ ಸಂತೆಯದು. ದಲ್ಲಾಳಿಯೂ ಗಿರಾಕಿಯೂ ವಸ್ತ್ರದ ಮರೆಯಲ್ಲಿ ಕೈ ಕೂಡಿಸಿ, ಬೆರಳು ಹಿಡಿದು ದರ ಹೇಳುವ ಪದ್ಧತಿಯಿದೆ. ಮೂರು ಬೆರಳು ಹಿಡಿದರೆ ಮೂರು. ಅದು ನೂರೋ ಸಾವಿರವೋ ಎಂಬುದನ್ನು ಎತ್ತಿನ ಯೋಗ್ಯತೆಯಿಂದ ತಿಳಿಯಬೇಕು. ಸುತ್ತ ನಿಂತವರಿಗೆ ದರ ತಿಳಿಯಬಾರದೆಂಬುದೇ ಇದರ ಉದ್ದೇಶ. ಇಲ್ಲಿ ಅದೇ ಊರಿನ ಕನ್ನಡದ ಮೇಷ್ಟ್ರು ಹೊರಗಿನವನಾಗುತ್ತಾನೆ; ಗಡಿಯಾಚೆಯ ಮರಾಠಿ ದಲ್ಲಾಳಿ ಒಳಗಿನವನಾಗುತ್ತಾನೆ. ಸನ್ನೆಯ ಗಡಿ ಈ ಸಂದರ್ಭದಲ್ಲಿ ಊರಿಗಿಂತ ಕಿರಿದು; ಅದು ಕಸುಬಿನ ಗಡಿ.

ಎಡಗೈಯ ವಿಚಾರ ಇನ್ನೂ ಸೂಕ್ಷ್ಮವಾದುದು. ಭಾರತದಲ್ಲಿ ಎಡಗೈ ಮೈಲಿಗೆ, ಕೊಡುಕೊಳ್ಳುವುದಕ್ಕೆ ಬಲಗೈಯೇ ಬೇಕು ಎಂದು ಪ್ರವಾಸಿ ಕೈಪಿಡಿಗಳು ಎಚ್ಚರಿಸುತ್ತವೆ. ಊಟದ ಪಂಕ್ತಿಯಲ್ಲಿ ಆ ಮಾತು ಸರಿ. ಆದರೆ ಲಿಂಗಾಯತರು ಇಷ್ಟಲಿಂಗವನ್ನು ಇರಿಸಿ ಪೂಜಿಸುವುದು ಎಡ ಅಂಗೈಯಲ್ಲಿ. ವಚನಗಳ ‘ಕರಸ್ಥಲ’ ಎಂಬ ಶಬ್ದ ಈ ಕೈಯ ನಿಲುವಿನಿಂದ ಜೀವ ಪಡೆದುದು. ಕೈಪಿಡಿಯ ನಿಯಮವನ್ನಷ್ಟೇ ಕಲಿತು ಬಂದವನಿಗೆ ಇದು ಗೊಂದಲವೆನಿಸುತ್ತದೆ. ನಿಯಮ ಗೊತ್ತಿದ್ದು ಸಂದರ್ಭ ಗೊತ್ತಿಲ್ಲದವನೇ ನಿಜವಾದ ಪರಕೀಯ ಎನ್ನಬಹುದು.

ವಂದನೆಯ ಸನ್ನೆಗಳು ಧರ್ಮದ ಗುರುತುಗಳೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಈ ಪರಿಸರ ಆ ತಿಳಿವಳಿಕೆಯನ್ನು ಒಪ್ಪುವುದಿಲ್ಲ. ಮೊಹರಂನಲ್ಲಿ ಅಲಾಯಿ ದೇವರ ಮುಂದೆ ಸಕ್ಕರೆ ಓದಿಸುವ ಹಿಂದೂ ಹೆಣ್ಣುಮಗಳು ಕೈಮುಗಿಯುತ್ತಾಳೆ, ಸೆರಗೊಡ್ಡುತ್ತಾಳೆ. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಎರಡೂ ಧರ್ಮದವರು ನಡೆದುಕೊಳ್ಳುತ್ತ ಬಂದಿದ್ದಾರೆ. ಅಫಜಲಪುರ ತಾಲೂಕಿನಲ್ಲಿ ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರದಲ್ಲಿ ಮಹಾರಾಷ್ಟ್ರದ ಸ್ಥಿತಿವಂತ ಭಕ್ತನೂ ಮನೆಮನೆಯ ಮುಂದೆ ಮಧುಕರಿ ಭಿಕ್ಷೆಗೆ ಜೋಳಿಗೆ ಹಿಡಿಯುತ್ತಾನೆ. ಒಡ್ಡಿದ ಕೈಯನ್ನು ಕಂಡು ‘ಬಡವ’ ಎಂದು ತಿಳಿಯುವವನು ಆ ಸ್ಥಳಕ್ಕೆ ಹೊಸಬ.

ಈ ಹಿನ್ನೆಲೆಯಲ್ಲಿ ಡೇವಿಡ್ ಎಫ್ರಾನ್ 1941ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ನ್ಯೂಯಾರ್ಕಿಗೆ ವಲಸೆ ಬಂದ ಯೆಹೂದಿಗಳ ಮತ್ತು ಇಟಾಲಿಯನ್ನರ ಸನ್ನೆಗಳು ಪರಸ್ಪರ ಭಿನ್ನವಾಗಿದ್ದವು. ಅಮೆರಿಕದ ಬದುಕಿಗೆ ಬೆರೆತ ಅವರ ಸಂತತಿಯಲ್ಲಿ ಆ ಭೇದ ಬಹುಮಟ್ಟಿಗೆ ಅಳಿದಿತ್ತು. ಸನ್ನೆ ರಕ್ತದಿಂದ ಬರುತ್ತದೆಂಬ ಅಂದಿನ ಜನಾಂಗವಾದಕ್ಕೆ ಇದು ಉತ್ತರವಾಯಿತು. ದುಡಿಮೆಗಾಗಿ ಈ ತಾಲೂಕುಗಳಿಂದ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವವರ ಕೈಯೂ ಹೊಸದನ್ನು ಕಲಿಯುತ್ತದೆ, ಹಳೆಯದನ್ನು ಬಿಡುತ್ತದೆ. ಆದುದರಿಂದ ಕೈಸನ್ನೆ ಕಂಡು ‘ಇವನು ನಮ್ಮವನಲ್ಲ’ ಎಂದು ತೀರ್ಪು ಕೊಡುವುದು ಶಾಸ್ತ್ರೀಯವೂ ಅಲ್ಲ, ನಿರಪಾಯಕಾರಿಯೂ ಅಲ್ಲ.

ಕೊನೆಯದಾಗಿ ನಮ್ಮ ಸಂಶೋಧನೆಯ ಕೊರತೆಯೊಂದನ್ನು ಹೇಳಬೇಕು. ನಾಟ್ಯಶಾಸ್ತ್ರದ 24 ಅಸಂಯುತ, 13 ಸಂಯುತ ಹಸ್ತಗಳ ಬಗೆಗೆ ನಾವು ಬರೆದಿದ್ದೇವೆ; ಜನಪದರ ಕೈಗೆ ಅಂಥ ಮನ್ನಣೆ ದೊರೆತಿಲ್ಲ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಹಳೆಯ ಜೇವರ್ಗಿ ತಾಲೂಕಿನ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ಪರಂಪರೆಗೆ ಚೆನ್ನೂರ ಜಲಾಲಸಾಹೇಬರೂ ಸೇರಿದವರು. ಈ ಪರಂಪರೆಯ ತತ್ವಪದಗಳನ್ನು ಅಚ್ಚು ಮಾಡುವಾಗ ಪದವನ್ನು ಉಳಿಸಿದ್ದೇವೆ, ಹಾಡುವವನ ಕೈಯನ್ನು ಬಿಟ್ಟಿದ್ದೇವೆ. ‘ಇಲ್ಲಿ’ ಎಂದು ಹಾಡುತ್ತ ಎದೆ ಮುಟ್ಟಿದರೆ ಒಂದು ಅರ್ಥ, ನೆಲ ತೋರಿದರೆ ಮತ್ತೊಂದು. ಬೆಡಗಿನ ನುಡಿ ಬಿಡಿಸಲಾರದೆ ಟಿಪ್ಪಣಿ ಬರೆಯುವ ವಿದ್ವಾಂಸನು ಭಜನೆಯ ಕಟ್ಟೆಯ ಮೇಲೆ ಕುಳಿತವರ ಕಣ್ಣಿಗೆ ಹೊರಗಿನವನೇ. ಮುಂದಿನ ಕ್ಷೇತ್ರಕಾರ್ಯ ಧ್ವನಿಯೊಡನೆ ಕೈಯನ್ನೂ ದಾಖಲಿಸಿಕೊಳ್ಳುವುದು ಅಗತ್ಯ.