ಧ್ವನಿಮುದ್ರಿಕೆಗಳಲ್ಲಿ ಪಾಠಭೇದ

ಪ್ರಾಚೀನ ಕಾವ್ಯಗಳನ್ನು ಪರಿಷ್ಕರಿಸುವವರಿಗೆ ಪಾಠಭೇದವೆಂಬುದು ನಿತ್ಯದ ತೊಡಕು. ಕವಿಯ ಮಾತು ಓಲೆಯಿಂದ ಓಲೆಗೆ ಇಳಿಯುವಾಗ ಲಿಪಿಕಾರನ ಅಜ್ಞಾನದಿಂದ ಕೆಡುವುದುಂಟು. ಅವನ ಅತಿಜಾಣತನದಿಂದ ಕೆಡುವುದು ಅದಕ್ಕಿಂತ ಹೆಚ್ಚು. ಧ್ವನಿಮುದ್ರಿತ ಸಂಗೀತಕ್ಕೂ ಇಂಥ ಲಿಪಿಕಾರರಿದ್ದಾರೆಂಬುದನ್ನು ನಾವು ಸಾಮಾನ್ಯವಾಗಿ ಮರೆತಿರುತ್ತೇವೆ. ಒಂದೊಂದು ವಾದ್ಯವನ್ನೂ ಕಂಠವನ್ನೂ ಪ್ರತ್ಯೇಕವಾದ ಟ್ರ್ಯಾಕುಗಳಲ್ಲಿ ಹಿಡಿದಿಟ್ಟು, ಆಮೇಲೆ ಅವೆಲ್ಲವನ್ನೂ ಹದವರಿತು ಬೆರೆಸಿ, ಕಟ್ಟಕಡೆಗೆ ಮಾಸ್ಟರಿಂಗ್ ಎಂಬ ಸಂಸ್ಕಾರವನ್ನು ಮಾಡಿ ಮಾರಾಟಕ್ಕೆ ಕಳುಹಿಸುವುದು ಈ ಕಸುಬಿನ ಕ್ರಮ. ಈ ಕಡೆಯ ಎರಡು ಹಂತಗಳಲ್ಲಿ 1990ರ ದಶಕದಿಂದೀಚೆಗೆ ಬಲವಾಗಿ ಬೇರೂರಿದ ದುರಭ್ಯಾಸವೊಂದು ಎಷ್ಟೋ ಕೃತಿಗಳ ಪಾಠವನ್ನು ಕೆಡಿಸಿದೆಯೆಂಬುದು ನಮ್ಮ ಅಭಿಪ್ರಾಯ.

ಆ ಅಭ್ಯಾಸವೆಂದರೆ ಗಟ್ಟಿತನದ ಪೈಪೋಟಿ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಒಂದು ಸಲ ಕೊಂಚ ಗಟ್ಟಿಯಾಗಿ ನುಡಿಸಿದರೆ, ಗಟ್ಟಿಯಾದುದೇ ಚೆನ್ನಾಗಿದೆಯೆಂದು ಹೇಳುವವರು ಹೆಚ್ಚು. ಇದಕ್ಕೆ ಕಿವಿಯ ಧರ್ಮವೇ ಕಾರಣ. ಮೆಲ್ಲಗೆ ನುಡಿಸಿದಾಗ ಮಂದ್ರಸ್ವರಗಳು ಕಿವಿಗೆ ಕ್ಷೀಣವಾಗಿಯೂ ಗಟ್ಟಿಯಾಗಿ ನುಡಿಸಿದಾಗ ತುಂಬಿಕೊಂಡೂ ಕೇಳುವುವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದರು. ವ್ಯಾಪಾರಿಗಳಿಗೆ ಇಷ್ಟು ಸಾಕಾಯಿತು. ಸಂತೆಯಲ್ಲಿ ಒಬ್ಬನು ದನಿಯೆತ್ತಿ ಕೂಗಿದರೆ ಪಕ್ಕದವನು ಸುಮ್ಮನಿರುವನೆ? ಹಿಂದಿನ ಗ್ರಾಮಫೋನ್ ತಟ್ಟೆಯಲ್ಲಿಯೂ ಈ ಚಪಲವಿತ್ತು; ಆದರೆ ಅಲ್ಲಿ ಅತಿಯಾದರೆ ಮುಳ್ಳು ಗೆರೆಯನ್ನು ಬಿಟ್ಟು ಹಾರುತ್ತಿತ್ತು. ಜಡವಸ್ತುವೇ ಮನುಷ್ಯನಿಗೆ ಮಿತಿಯನ್ನು ಕಲಿಸುತ್ತಿತ್ತು.

1982ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ. ಈ ಅಂಕೆಯನ್ನು ತೆಗೆದುಹಾಕಿತು. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುವ ಆ ತಟ್ಟೆಯಲ್ಲಿ ಅತಿ ಮೆಲ್ಲನೆಯ ದನಿಗೂ ಅತಿ ಗಟ್ಟಿಯಾದ ದನಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳ ಅಂತರಕ್ಕೆ ಎಡೆಯುಂಟು. ಹಳೆಯ ತಟ್ಟೆಗಳಲ್ಲಿ ಕನಸಿಗೂ ಎಟುಕದಿದ್ದ ವೈಶಾಲ್ಯವಿದು. ಆದರೆ ಮೇಲೊಂದು ಮಾಳಿಗೆಯಿದೆ. ಅತಿದೊಡ್ಡ ಅಂಕಿಯನ್ನು ಮೀರಿದುದನ್ನು ಅದರಲ್ಲಿ ಬರೆಯಲಾಗದು. ಇನ್ನು ಗಟ್ಟಿ ಮಾಡುವುದು ಹೇಗೆ? ನಮಗೆ ಗಟ್ಟಿಯೆಂದು ತೋರುವುದು ದನಿಯ ಕ್ಷಣಿಕವಾದ ಶಿಖರಗಳಿಂದಲ್ಲ, ಅದರ ಸರಾಸರಿ ಮಟ್ಟದಿಂದ. ಆದುದರಿಂದ ಲಿಮಿಟರ್ ಎಂಬ ಉಪಕರಣದಿಂದ ಶಿಖರಗಳನ್ನು ತಗ್ಗಿಸಿ, ಉಳಿದುದೆಲ್ಲವನ್ನೂ ಮಾಳಿಗೆ ಮುಟ್ಟುವವರೆಗೆ ಎತ್ತಿಬಿಡುತ್ತಾರೆ. ತಗ್ಗಿ ಹೋದ ಶಿಖರಗಳು ಯಾವುವು? ಮದ್ದಳೆಯ ಮೇಲೆ ಬೆರಳು ಬಿದ್ದ ಕ್ಷಣ, ತಂತಿಯನ್ನು ಮೀಟಿದ ಕ್ಷಣ. ವಾದಕನ ಕೈ ನಮಗೆ ಗೊತ್ತಾಗುವುದೇ ಆ ಕ್ಷಣಗಳಲ್ಲಿ. ಅವು ಹೋದ ಮೇಲೆ ಉಳಿಯುವುದು ವಾದ್ಯ, ವಾದಕನಲ್ಲ.

ಮಾತು ಬರಿಯ ತತ್ತ್ವವಾಗದಿರಲೆಂದು ಒಂದು ಕೃತಿಯನ್ನು ತೆಗೆದುಕೊಳ್ಳೋಣ. ಕೆನಡಾ ದೇಶದ ರಷ್ ಎಂಬ ಮೂವರ ತಂಡ 2002ರಲ್ಲಿ ‘ವೇಪರ್ ಟ್ರೇಲ್ಸ್’ ಎಂಬ ಮುದ್ರಿಕೆಯನ್ನು ಹೊರತಂದಿತು. ಅದರ ಹಿನ್ನೆಲೆ ಕರುಣಾಜನಕವಾದುದು. ತಂಡದ ಡ್ರಮ್ ವಾದಕನೂ ಪದಕರ್ತನೂ ಆದ ನೀಲ್ ಪಿಯರ್ಟ್ 1997ರಲ್ಲಿ ತನ್ನ ಒಬ್ಬಳೇ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡನು. ವರ್ಷ ತುಂಬುವುದರೊಳಗೆ ಹೆಂಡತಿಯೂ ತೀರಿಕೊಂಡಳು. ಅವನು ವಾದ್ಯವನ್ನು ಬಿಟ್ಟು, ಮೋಟಾರ್ ಸೈಕಲ್ಲನ್ನೇರಿ ಸಾವಿರಾರು ಮೈಲಿ ಅಲೆದನು. ತಂಡ ಮುಗಿಯಿತೆಂದೇ ಎಲ್ಲರೂ ಬಗೆದಿದ್ದರು. ಬಳಿಕ ಅವನು ಹಿಂದಿರುಗಿ ಮತ್ತೆ ಕೋಲುಗಳನ್ನು ಕೈಗೆತ್ತಿಕೊಂಡುದರ ಫಲವೇ ಈ ಮುದ್ರಿಕೆ. ಇದರ ಮೊದಲ ಹಾಡಿನ ಹೆಸರು ‘ಒನ್ ಲಿಟಲ್ ವಿಕ್ಟರಿ’. ಪುಟ್ಟದೊಂದು ಗೆಲುವು ಎಂದು ಅದರ ಅರ್ಥ. ಅದು ಆರಂಭವಾಗುವುದು ಡ್ರಮ್ಮಿನಿಂದ ಮಾತ್ರ. ಗಾಯಕನೂ ಗಿಟಾರ್ ವಾದಕನೂ ಗೆಳೆಯನಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಂತೆ ಅದರ ಯೋಜನೆ.

ಇಂಥ ಹಾಡಿನಲ್ಲಿ ಮೊದಲ ಪೆಟ್ಟು ಪೆಟ್ಟಾಗಿಯೇ ಕೇಳಿಸಬೇಡವೆ? 2002ರ ತಟ್ಟೆಯಲ್ಲಿ ಡ್ರಮ್ಮೊಂದೇ ಮಾಳಿಗೆಯನ್ನು ಮುಟ್ಟಿಬಿಟ್ಟಿದೆ. ಗಿಟಾರು ಸೇರಿದಾಗ ದನಿ ಏರಬೇಕು, ಏರಲು ಸ್ಥಳವಿಲ್ಲ. ಆದಕಾರಣ ಹೊಸದಾಗಿ ಬಂದ ದನಿ ಮೊದಲಿದ್ದ ದನಿಯನ್ನು ಒತ್ತಿ ಕೆಳಕ್ಕೆ ತಳ್ಳುತ್ತದೆ. ಈ ಮುದ್ರಿಕೆಯಲ್ಲಿ ಕೀಬೋರ್ಡ್ ವಾದ್ಯಗಳಿಲ್ಲ. ಗಿಟಾರಿನ ಮೇಲೆ ಗಿಟಾರನ್ನು ಪದರ ಪದರವಾಗಿ ಹೊದಿಸಿದ್ದಾರೆ. ಆ ಪದರಗಳೆಲ್ಲ ಕಲಸಿಹೋಗಿ, ಅಂಚಿನಲ್ಲಿ ಕರಕರನೆ ಒಡೆದ ಸದ್ದು ಕೇಳುತ್ತದೆ. ಅಲೆದಾಟವನ್ನೇ ವಸ್ತುವಾಗಿ ಉಳ್ಳ ‘ಗೋಸ್ಟ್ ರೈಡರ್’ ಎಂಬ ಹಾಡಿನಲ್ಲಿ ತಗ್ಗಿದ ದನಿಯೂ ಎತ್ತಿದ ದನಿಯೂ ಒಂದೇ ಮಟ್ಟದಲ್ಲಿರುವುದರಿಂದ, ಹೋದ ದೂರವೇ ತಿಳಿಯುವುದಿಲ್ಲ. ನಾಲ್ಕಾರು ಹಾಡು ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಈ ದಣಿವನ್ನು ಕೇಳುವವನು ತನ್ನ ಅರಸಿಕತೆಯೆಂದು ತಿಳಿಯುವುದೇ ಹೆಚ್ಚು, ಅದು ಹಾಗಲ್ಲ.

ರಾಕ್ ಸಂಗೀತವೇ ಗದ್ದಲದ ಸಂಗೀತ, ಅದರಲ್ಲಿ ಏರಿಳಿತವನ್ನು ಹುಡುಕುವುದು ವ್ಯರ್ಥವೆಂದು ನಮ್ಮ ವಾಚಕರಲ್ಲಿ ಕೆಲವರು ಹೇಳಬಹುದು. ಅದನ್ನು ಮೆಚ್ಚಬೇಕೆಂದು ನಾವು ಯಾರನ್ನೂ ಬಲಾತ್ಕರಿಸುವುದಿಲ್ಲ. ಆದರೆ ಗುಡುಗು ಗುಡುಗೆನಿಸುವುದು ಅದರ ಮುಂಚಿನ ಮೌನದಿಂದ. ಇಲ್ಲಿ ಕಳೆದುಹೋದುದು ನಯವಲ್ಲ. ಗದ್ದಲದ ಬಲವೇ ಕಳೆದುಹೋಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಕಲಾವಿದರಿಗೇ ಅದು ಒಪ್ಪಿಗೆಯಾಗಿದ್ದರೆ? ಅಮೆರಿಕದ ಮೆಟಾಲಿಕಾ ತಂಡ 2008ರಲ್ಲಿ ಹೊರಡಿಸಿದ ‘ಡೆತ್ ಮ್ಯಾಗ್ನೆಟಿಕ್’ ಮುದ್ರಿಕೆಯ ವಿಷಯದಲ್ಲಿ ಹೀಗಾಯಿತು. ಅದೇ ಹಾಡುಗಳನ್ನು ‘ಗಿಟಾರ್ ಹೀರೋ’ ಎಂಬ ಆಟಕ್ಕೂ ಒದಗಿಸಿದ್ದರು. ಆಟದಲ್ಲಿನ ಪಾಠ ಅಷ್ಟಾಗಿ ಅದುಮದೆ ಇದ್ದುದಾಗಿತ್ತು. ರಸಿಕರು ಎರಡನ್ನೂ ಹೋಲಿಸಿ, ಮಕ್ಕಳ ಆಟಿಕೆಯಲ್ಲಿರುವುದೇ ಶುದ್ಧಪಾಠವೆಂದು ಕಂಡುಕೊಂಡರು. ಮತ್ತೆ ಬೆರೆಸಿ ಕೊಡಬೇಕೆಂಬ ಬಿನ್ನಹಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಮಾಸ್ಟರಿಂಗ್ ಮಾಡಿದವನು, ತನ್ನ ಕೈಗೆ ಬರುವಷ್ಟರಲ್ಲಿಯೇ ಅದನ್ನು ಅದುಮಿಯಾಗಿತ್ತೆಂದು ತಿಳಿಸಿದನು. ತಂಡದವರು ಮಾತ್ರ ಹೊರಬಂದುದನ್ನೇ ಸಮರ್ಥಿಸಿದರು. ಅಲ್ಲಿಗೆ ಪರಿಷ್ಕರ್ತನ ಅಧಿಕಾರ ಮುಗಿಯಿತು. ಕೆಟ್ಟ ಪಾಠವಾದರೂ ಅದು ಕರ್ತೃವಿನ ಪಾಠ. ವಿಮರ್ಶಕನಿಗೆ ಉಳಿಯುವುದು ಅದನ್ನು ಕೆಟ್ಟದೆನ್ನುವ ಹಕ್ಕು ಮಾತ್ರ.

ರಷ್ ತಂಡದವರ ಸಂಗತಿ ಬೇರೆ. ತಮ್ಮ ಮುದ್ರಿಕೆಯ ದನಿ ಕೆಟ್ಟಿತೆಂದು ಅವರೇ ಬಹಿರಂಗವಾಗಿ ಹಳಹಳಿಸಿದರು. 2009ರಲ್ಲಿ ಎರಡು ಹಾಡುಗಳನ್ನು ಹೊಸದಾಗಿ ಬೆರೆಸಿ ಒಂದು ಸಂಕಲನದಲ್ಲಿ ಸೇರಿಸಿ ನೋಡಿದರು. ಕಡೆಗೆ ಡೇವಿಡ್ ಬಾಟ್ರಿಲ್ ಎಂಬಾತನು ಮೂಲ ಟ್ರ್ಯಾಕುಗಳಿಂದ ಇಡಿಯ ಕೃತಿಯನ್ನು ಮತ್ತೆ ಬೆರೆಸಿಕೊಟ್ಟನು. ಅದು 2013ರಲ್ಲಿ ಪ್ರಕಟವಾಯಿತು. ಕರ್ತೃಗಳೇ ಒಲ್ಲೆನೆಂದ ಪಾಠ ಹನ್ನೊಂದು ವರ್ಷ ಒಂದೇ ಪಾಠವಾಗಿ ಚಲಾವಣೆಯಲ್ಲಿತ್ತೆಂದಾಯಿತು. ಪಿಯರ್ಟ್ 2020ರಲ್ಲಿ ತೀರಿಕೊಂಡನು. ಅವನ ಆ ಪುನರಾಗಮನವನ್ನು 2002ರಲ್ಲಿ ಕೊಂಡು, ಎರಡು ಸಲ ಕೇಳಿ ಕಪಾಟಿನಲ್ಲಿಟ್ಟವರು ಎಷ್ಟು ಮಂದಿಯೊ!

ಪೈಪೋಟಿಗೆ ಈಚೆಗೆ ಒಂದು ತಡೆ ಬಿದ್ದಿದೆ. ಯೂರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟ 2010ರಲ್ಲಿ ಸರಾಸರಿ ಗಟ್ಟಿತನವನ್ನಳೆದು ಎಲ್ಲ ಕಾರ್ಯಕ್ರಮಗಳನ್ನೂ ಒಂದೇ ಮಟ್ಟಕ್ಕೆ ತರಬೇಕೆಂದು ಸಲಹೆಯಿತ್ತಿತು. ಸ್ಪಾಟಿಫೈ, ಯೂಟ್ಯೂಬ್ ಮೊದಲಾದುವು ಕೂಡ ಅತಿ ಗಟ್ಟಿಯಾದ ಹಾಡನ್ನು ತಾವಾಗಿಯೇ ತಗ್ಗಿಸುತ್ತವೆ. ಕೂಗಿದವನಿಗೆ ಲಾಭವಿಲ್ಲವಾಯಿತು. ಆದರೂ ಅಭ್ಯಾಸ ಪೂರ್ತಿಯಾಗಿ ಹೋಗಿಲ್ಲ. ಹಳೆಯ ಹಾಡುಗಳಿಗಂತೂ ಇದರಿಂದ ಏನೂ ಬಂದಂತಾಗಲಿಲ್ಲ. ಮಟ್ಟವನ್ನು ತಗ್ಗಿಸಬಹುದು, ಕತ್ತರಿಸಿದ ಶಿಖರವನ್ನು ಮತ್ತೆ ಬೆಳೆಸಲಾಗದು. ಟ್ರ್ಯಾಕುಗಳನ್ನು ಕಾಪಾಡಿದ್ದುದರಿಂದ ರಷ್ ತಂಡದವರಿಗೆ ಮತ್ತೆ ಬೆರೆಸುವುದು ಸಾಧ್ಯವಾಯಿತು. ಮಾರಾಟದ ಪ್ರತಿಯೊಂದೇ ಉಳಿದಿರುವಲ್ಲಿ ಅದೂ ಇಲ್ಲ.

ಬಾಟ್ರಿಲ್ಲನ ಪಾಠವೂ ನಿರ್ದೋಷವಲ್ಲ. ಹಳೆಯದರ ಒರಟುತನಕ್ಕೆ ಒಗ್ಗಿದ ಕಿವಿಗೆ ಒಂದೆರಡು ಕಡೆ ಇದು ತೀರ ಒಪ್ಪವಾಗಿ ತೋರುತ್ತದೆ. ಆದರೆ ಮೊದಲ ಹಾಡಿನ ಮೊದಲ ಪೆಟ್ಟು ಅದರಲ್ಲಿ ಪೆಟ್ಟಾಗಿ ಬೀಳುತ್ತದೆ. ಗಿಟಾರು ಸೇರಿದ ಮೇಲೆಯೂ ಆ ಕೈ ಕಾಣುತ್ತಲೇ ಇರುತ್ತದೆ. ಈ ಕೃತಿಯನ್ನು ಮೊದಲ ಸಲ ಕೇಳುವವರು 2013ರ ಆವೃತ್ತಿಯನ್ನೇ ಕೇಳಿ ಪಡೆಯಬೇಕು. ಹಳೆಯದೂ ಇನ್ನೂ ದೊರೆಯುತ್ತಿರುವುದರಿಂದ ಇದನ್ನು ಹೇಳಬೇಕಾಯಿತು.