ಒಂದು ನಿಮಿಷದ ಹೋಟೆಲು

ನಮ್ಮ ಉಪನಗರದ ಉಡುಪಿ ಹೋಟೆಲೊಂದರ ಪ್ರಚಾರಕ್ಕೆಂದು ತೆಗೆದ ಚಿತ್ರವೊಂದು ಕಳೆದ ತಿಂಗಳಿಂದ ಫೋನಿನಿಂದ ಫೋನಿಗೆ ಹರಿದಾಡುತ್ತಿದೆ. ಸಂಘದ ಬಹುಪಾಲು ಸದಸ್ಯರು ಅದನ್ನು ನೋಡಿಯಾಗಿದೆ. ಕೆಲವರು ನಮಗೆ ಎರಡೆರಡು ಸಲ ಕಳಿಸಿಕೊಟ್ಟದ್ದೂ ಆಗಿದೆ. ನಾಟಕ, ಯಕ್ಷಗಾನ, ಪುಸ್ತಕಗಳ ವಿಮರ್ಶೆ ಬರುವ ಈ ಪುಟದಲ್ಲಿ ದೋಸೆಯ ಜಾಹೀರಾತಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಿಜ ಹೇಳಬೇಕೆಂದರೆ, ನಮ್ಮ ಸಂಘ ಆಡಿದ ಯಾವ ನಾಟಕವನ್ನೂ ಇಷ್ಟು ಜನ ನೋಡಿಲ್ಲ. ಮುಂಬಯಿಯ ಕನ್ನಡಿಗರ ಬದುಕು ಹೇಗಿದೆಯೆಂದು ಹೊರಗಿನವರಿಗೆ ತೋರಿಸುವ ಕೆಲಸವನ್ನು ಈಗ ಇಂಥ ಚಿತ್ರಗಳೇ ವಹಿಸಿಕೊಂಡಿವೆ. ಆದ್ದರಿಂದ ಬೇರೆ ಕೃತಿಗಳನ್ನು ನೋಡುವ ಕಣ್ಣಿನಿಂದಲೇ ಇದನ್ನೂ ನೋಡೋಣ. ಹೋಟೆಲಿನ ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಗೊತ್ತೇ ಇದೆ.

ಹೋಟೆಲಿನವರಿಗೆ ಜಾಹೀರಾತು ಹೊಸದೇನಲ್ಲ. ಸಂಘದ ಸ್ಮರಣ ಸಂಚಿಕೆಗಳ ಹಿಂಬದಿಯ ಪುಟಗಳನ್ನು ತಿರುವಿ ಹಾಕಿದರೆ, ‘ಶುಭಾಶಯಗಳೊಂದಿಗೆ’ ಎಂದು ಅರ್ಧ ಪುಟ, ಕಾಲು ಪುಟ ಕೊಟ್ಟವರಲ್ಲಿ ಅರ್ಧಕ್ಕರ್ಧ ಅವರೇ. ಆ ಜಾಹೀರಾತು ನೋಡಿ ಯಾರೂ ಇಡ್ಲಿ ತಿನ್ನಲು ಓಡಿದ್ದಿಲ್ಲ. ಅದು ಕೊಟ್ಟವರಿಗೂ ಗೊತ್ತಿತ್ತು, ವಸೂಲಿಗೆ ಹೋದ ನಮಗೂ ಗೊತ್ತಿತ್ತು. ಮಾಟುಂಗಾ ರೈಲು ನಿಲ್ದಾಣದ ಬಳಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥವು ಹೆಸರು ಮಾಡಿದ್ದು ಉಂಡವರ ಬಾಯಿಂದ. ಆದರೆ 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್ ನಮ್ಮ ದೇಶಕ್ಕೆ ಬಂದಿತಲ್ಲ, ಅಂದಿನಿಂದ ಬಾಯಿಯ ಕೆಲಸವನ್ನು ಕಣ್ಣು ಮಾಡತೊಡಗಿದೆ. ಮನೆಯ ಮಕ್ಕಳು ಎಲ್ಲಿ ತಿನ್ನಬೇಕೆಂಬುದನ್ನು ಮೊದಲು ಫೋನಿನಲ್ಲಿ ನೋಡಿ, ಆಮೇಲೆ ಚಪ್ಪಲಿ ಮೆಟ್ಟುತ್ತಾರೆ.

ಇನ್ನು ಚಿತ್ರ. ಅವಧಿ ಸರಿಯಾಗಿ ಒಂದು ನಿಮಿಷ. ದೇವಸ್ಥಾನದ ಗೋಪುರ, ನಾದಸ್ವರ, ಮಲ್ಲಿಗೆ ಮುಡಿದ ಹೆಣ್ಣುಮಗಳ ಬೆನ್ನು. ಈ ಮೂರಕ್ಕೂ ಹೋಟೆಲಿಗೂ ಏನು ಸಂಬಂಧವೋ ತೆಗೆದವರೇ ಹೇಳಬೇಕು. ನಂತರ ಯುವಕನೊಬ್ಬ ದಾರಿತಪ್ಪಿ ಒಳಬಂದವನಂತೆ ಬಂದು, ಹಿಂದಿ-ಇಂಗ್ಲಿಷ್ ಬೆರೆತ ಮಾತಿನಲ್ಲಿ ‘ಅಸಲಿ ಸೌತ್ ಇಂಡಿಯನ್’ ಎಂದು ಕೂಗಿ ಹೇಳುತ್ತಾನೆ. ಆಮೇಲೆ ಇಡ್ಲಿಯ ಹಬೆ, ದೋಸೆಯ ಮೇಲೆ ತುಪ್ಪದ ಧಾರೆ, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿಯುವುದು, ಯುವಕ ಕಣ್ಣುಮುಚ್ಚಿ ತಲೆದೂಗುವುದು. ಕೊನೆಗೆ ವಿಳಾಸ.

ಹಬೆಯ ದೃಶ್ಯ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಚಿತ್ರೀಕರಣ ನಡೆದ ಮಧ್ಯಾಹ್ನ ನಾವೂ ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದುದರಿಂದ ಅದರ ಕಸುಬನ್ನು ಕಣ್ಣಾರೆ ನೋಡಿದೆವು. ಹಬೆಯೆಂದು ನಮಗೆ ಕಾಣುವುದು ಸಣ್ಣ ಸಣ್ಣ ನೀರಿನ ಹನಿಗಳು. ಅವು ತಮ್ಮ ಮೇಲೆ ಬಿದ್ದ ಬೆಳಕನ್ನು ಬಹುಪಾಲು ಮುಂದಕ್ಕೇ ಚದರಿಸುತ್ತವೆ. ಆದ್ದರಿಂದ ದೀಪವನ್ನು ಇಡ್ಲಿಯ ಹಿಂದೆ, ಕ್ಯಾಮೆರಾದ ಕಡೆಗೆ ಮುಖಮಾಡಿ ಇಟ್ಟು, ಅದಕ್ಕೂ ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಹಬೆ ಬೆಳ್ಳಗೆ ಎದ್ದು ಕಾಣುತ್ತದೆ. ಬಿ.ಎಸ್ಸಿ.ಯಲ್ಲಿ ಓದಿ ಮರೆತದ್ದನ್ನು ಆ ಹುಡುಗರು ಓದದೆಯೇ ಬಲ್ಲರು. ಇಡ್ಲಿ ಆರಿದ ಮೇಲೆ ತಟ್ಟೆಯ ಹಿಂದೆ ಕುದಿನೀರಿನ ಲೋಟ ಮರೆಮಾಡಿ ಇಟ್ಟರು. ಇಷ್ಟು ಉಪಾಯ ಎಲ್ಲ ಕಲೆಯಲ್ಲೂ ಉಂಟು. ಅದಕ್ಕೆ ನಮ್ಮ ತಕರಾರಿಲ್ಲ.

ತಕರಾರು ಬೇರೆ ಕಡೆ ಇದೆ. ಸೆಕೆಂಡಿಗೆ 120 ಚಿತ್ರಗಳಂತೆ ಹಿಡಿದು 24ರಂತೆ ಓಡಿಸಿದರೆ ಎಲ್ಲವೂ ಐದು ಪಟ್ಟು ನಿಧಾನವಾಗುತ್ತದೆ. ತುಪ್ಪ, ಕಾಫಿ, ಸಾಂಬಾರು ಎಲ್ಲವನ್ನೂ ಹೀಗೆ ನಿಧಾನಗೊಳಿಸಿದ್ದಾರೆ. ಗಡಿಯಾರ ಹಿಡಿದು ನೋಡಿದೆವು. ನಿಮಿಷದಲ್ಲಿ ಸುಮಾರು 35 ಸೆಕೆಂಡು ಇಂಥದ್ದೇ. ಅಂದರೆ ಹೋಟೆಲಿನಲ್ಲಿ ನಿಜವಾಗಿ ನಡೆದ 7 ಸೆಕೆಂಡನ್ನು ಎಳೆದು ಎಳೆದು ಇಷ್ಟಾಗಿಸಿದ್ದಾರೆ. ಉಡುಪಿ ಹೋಟೆಲಿನ ಜೀವವಾದರೂ ಎಲ್ಲಿದೆ? ವೇಗದಲ್ಲಿದೆ. 8.12ರ ಲೋಕಲ್ ಹಿಡಿಯಬೇಕಾದವನು 8ಕ್ಕೆ ಒಳಗೆ ಬಂದು, ಇಡ್ಲಿ-ವಡೆ ತಿಂದು, ಕಾಫಿ ಕುಡಿದು, ಗಲ್ಲಾದಲ್ಲಿ ಚಿಲ್ಲರೆ ಪಡೆದು ಗಾಡಿ ಹಿಡಿಯುತ್ತಾನೆ. ಕುಳಿತ ಕೂಡಲೇ ನೀರಿನ ಲೋಟ ಟಕ್ಕೆಂದು ಬೀಳುತ್ತದೆ. ಈ ನಗರದಲ್ಲಿ ಲಕ್ಷಾಂತರ ನೌಕರರ ಹೊಟ್ಟೆ ತುಂಬಿಸಿದ್ದು ಈ ಚುರುಕು. ಅದನ್ನೇ ತೆಗೆದುಹಾಕಿ ತುಪ್ಪವನ್ನು ಜೇನಿನಂತೆ ಇಳಿಸಿದರೆ, ಯಾವುದೋ ಪಂಚತಾರಾ ಹೋಟೆಲಿನ ಚಿತ್ರವಾದೀತೇ ಹೊರತು ನಮ್ಮದಲ್ಲ. ಅಂದ ಹಾಗೆ, ಆ ಹೋಟೆಲಿನಲ್ಲಿ ಸಾದಾ ದೋಸೆಗೆ ಹಾಕುವುದು ಎಣ್ಣೆ.

ಎರಡನೆಯದು ಶಬ್ದ. ಮಧ್ಯಾಹ್ನ ಮೂರಕ್ಕೂ ಐದಕ್ಕೂ ನಡುವೆ, ಗಿರಾಕಿಗಳಿಲ್ಲದ ಹೊತ್ತು ನೋಡಿ ಚಿತ್ರ ತೆಗೆದದ್ದರಿಂದ ಹೋಟೆಲಿನ ದನಿಯೇ ಅದರಲ್ಲಿಲ್ಲ. ಬೆಳಿಗ್ಗೆ ಹೋದವರಿಗೆ ಗೊತ್ತು: ‘ಒಂದು ಮಸಾಲೆ ಕಡಕ್, ಎರಡು ಸಾದಾ, ಸಿಂಗಲ್ ಇಡ್ಲಿ ಸಾಂಬಾರ್ ಬೇರೆ’ ಎಂದು ಮಾಣಿ ಕಿಂಡಿಗೆ ಬಾಯಿಟ್ಟು ಒಂದೇ ಉಸಿರಿಗೆ ಹೇಳುವುದು, ಒಳಗಿನಿಂದ ಬರುವ ‘ಆಯ್ತು’, ಎದ್ದು ಹೋಗುವವನ ಬೆನ್ನ ಹಿಂದೆ ಗಲ್ಲಾಕ್ಕೆ ಕೇಳುವಂತೆ ಕೂಗುವ ಮೊತ್ತ. ಕನ್ನಡ, ತುಳು, ಮರಾಠಿ, ಹಿಂದಿ ಒಂದೇ ಬಾಯಲ್ಲಿ. ಇದನ್ನೆಲ್ಲ ಅಳಿಸಿ ನಾದಸ್ವರ ಹಚ್ಚಿದ್ದಾರೆ. ನಿಮಿಷವಿಡೀ ಕನ್ನಡದ ಒಂದು ಪದವಿಲ್ಲ. ‘ಉಡುಪಿ’ ಎಂಬುದೊಂದಿದೆ, ಅದೂ ಊರಿನ ಹೆಸರಾಗಿ ಅಲ್ಲ, ತಿಂಡಿಯ ಹೆಸರಾಗಿ.

ಈಗ ನಮಗೆ ನಿಜಕ್ಕೂ ನೋವಾದ ಸಂಗತಿ. ಆ ಹೋಟೆಲಿನ ಕಾವಲಿಯ ಮುಂದೆ ಒಂಬತ್ತು ವರ್ಷದಿಂದ ನಿಂತಿರುವವನು ಒಡಿಶಾದ ಹುಡುಗ. ಬಂದಾಗ ಮೀಸೆ ಮೂಡಿರಲಿಲ್ಲ. ಪಾತ್ರೆ ತೊಳೆಯುತ್ತಾ, ಟೇಬಲ್ ಒರೆಸುತ್ತಾ ಕಾವಲಿಯವರೆಗೆ ಬಂದ. ಹಳೆಯ ಭಟ್ಟರಿಂದ ಕಲಿತ ಕೈ. ಹಿಟ್ಟು ಸುತ್ತುವಾಗ ‘ಒಂಜಿ, ರಡ್ಡ್, ಮೂಜಿ’ ಎಂದು ತುಳುವಿನಲ್ಲೇ ಎಣಿಸುತ್ತಾನೆ. ಚಿತ್ರೀಕರಣದ ದಿನ ಅವನನ್ನು ಪಕ್ಕಕ್ಕೆ ಸರಿಯಲು ಹೇಳಿದರು. ಅವನ ಮುಖ ‘ಸೌತ್’ ಎನಿಸುವುದಿಲ್ಲವಂತೆ. ಮಾಲೀಕರ ಸಂಬಂಧಿ ಯುವಕನೊಬ್ಬನಿಗೆ ಪಂಚೆ ಉಡಿಸಿ, ಹಣೆಗೆ ಕುಂಕುಮ ಇಡಿಸಿ ಕಾವಲಿಯ ಮುಂದೆ ನಿಲ್ಲಿಸಿದರು. ಆತ ಬ್ಯಾಂಕಿನ ಕೆಲಸದವನು, ಸೌಟು ಹಿಡಿದವನಲ್ಲ. ಹತ್ತು ದೋಸೆ ಹರಿದುಹೋದವು. ಕಡೆಗೆ ಸೌಟು ತಿರುಗಿಸುವ ಕೈಯನ್ನು ಮಾತ್ರ ಒಡಿಶಾದವನದೇ ತೆಗೆದು, ಮುಖವನ್ನು ಇವನದು ಜೋಡಿಸಿದರು. ಗಮನವಿಟ್ಟು ನೋಡಿದರೆ ಕಾಣುತ್ತದೆ. ಮುಖದ ಜೊತೆಗಿರುವ ಮಣಿಕಟ್ಟಿನಲ್ಲಿ ಗಡಿಯಾರವಿದೆ, ದೋಸೆ ಹೊಯ್ಯುವ ಮಣಿಕಟ್ಟಿನಲ್ಲಿ ಸುಟ್ಟ ಕಲೆಗಳಿವೆ.

ನಮ್ಮಲ್ಲಿ ಎಷ್ಟೋ ಜನರ ತಂದೆಯವರು, ಚಿಕ್ಕಪ್ಪಂದಿರು ಹೀಗೆಯೇ ಹುಡುಗರಾಗಿ ಕರಾವಳಿಯಿಂದ ಬಂದು, ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದವರು. ಆಗ ಅವರ ಮುಖವನ್ನೂ ಯಾರೂ ಚಿತ್ರ ತೆಗೆದಿಟ್ಟಿಲ್ಲ. ಕ್ಯಾಮೆರಾ ದುಬಾರಿಯಾಗಿದ್ದ ಕಾಲ, ಸರಿ. ಈಗ ಕ್ಯಾಮೆರಾ ಎದುರಿಗೇ ನಿಂತಿದೆ. ಆದರೂ ಅಡುಗೆಯವನ ಮುಖ ಬೇಡವಾಯಿತು.

ಹೊಗಳಿದ ಯುವಕನ ವಿಷಯವನ್ನೂ ಹೇಳಬೇಕು. ಆತನಿಗೆ ಹಣ ಸಂದಿದೆಯೆಂದು ಮಾಲೀಕರೇ ಹೇಳಿದರು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಯ ಪ್ರಕಾರ ಹಣವಾಗಲಿ ಪುಕ್ಕಟೆ ಊಟವಾಗಲಿ ಪಡೆದು ಹೊಗಳಿದರೆ, ಅದು ಜಾಹೀರಾತೆಂದು ಚಿತ್ರದಲ್ಲೇ ಸ್ಪಷ್ಟವಾಗಿ ತಿಳಿಸಬೇಕು. ಈ ಚಿತ್ರದಲ್ಲಿ ಎಲ್ಲೂ ಇಲ್ಲ. ಕೇಂದ್ರ ಸರ್ಕಾರದ ಗುಮಾಸ್ತರಾದ ನಮ್ಮ ಕಣ್ಣು ಮೊದಲು ಇಂಥ ಕಡೆಗೇ ಹೋಗುತ್ತದೆ, ಕ್ಷಮಿಸಬೇಕು.

ಮಾಲೀಕರನ್ನು ದೂರುವುದಕ್ಕೆ ನಮಗೆ ಮನಸ್ಸು ಬಾರದು. ಬಾಡಿಗೆ ಏರಿದೆ. ಮನೆಗೆ ತಿಂಡಿ ತಲುಪಿಸುವ ಕಂಪೆನಿಗಳು ಬಿಲ್ಲಿನಲ್ಲಿ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಚಿತ್ರ ಬಂದ ಮೇಲೆ ಭಾನುವಾರ ಬಾಗಿಲಾಚೆ ಸಾಲು ನಿಂತದ್ದೂ ನಿಜ. ಬಂದವರು ಮೊದಲು ದೋಸೆಯ ಚಿತ್ರ ತೆಗೆಯುತ್ತಾರೆ. ಅಷ್ಟರಲ್ಲಿ ಪಲ್ಯದ ತೇವ ಮೇಲಕ್ಕೇರಿ ಗರಿಗರಿ ದೋಸೆ ಮೆತ್ತಗಾಗುತ್ತದೆ. ಆಮೇಲೆ ಚಿತ್ರದಲ್ಲಿ ಕಂಡಷ್ಟು ಚೆನ್ನಾಗಿಲ್ಲವೆಂದು ಬರೆಯುತ್ತಾರೆ. ಹಾಗೆ ಬರೆದ ನಾಲ್ಕೈದನ್ನು ಮಾಲೀಕರು ಬೇಸರದಿಂದ ನಮಗೆ ತೋರಿಸಿದರು.

ನಮ್ಮ ಸಲಹೆ ಖರ್ಚಿನದಲ್ಲ. ಬೆಳಿಗ್ಗೆ 8ಕ್ಕೆ ಕಿಂಡಿಯ ಎದುರಿನ ಗೋಡೆಗೆ ಒಂದು ಫೋನು ಒರಗಿಸಿಟ್ಟು ಒಂದು ನಿಮಿಷ ಬಿಟ್ಟರೆ ಸಾಕು. ಸಂಗೀತ ಬೇಡ, ನಿಧಾನಗೊಳಿಸುವುದು ಬೇಡ. ಮಾಣಿ ಎಡಗೈ ಮೇಲೆ ನಾಲ್ಕು ತಟ್ಟೆ ಹೊತ್ತು ಬರುವುದು, ಕಿಂಡಿಯಾಚೆ ಕಾವಲಿಯವನು ಬೆವರೊರೆಸಿಕೊಳ್ಳುವುದು, ಆ ಕೂಗು, ಆ ಲೋಟದ ಸದ್ದು. ಇದನ್ನು ಹೇಳಿದಾಗ ಮಾಲೀಕರು ನಕ್ಕು, ‘ಅದನ್ನು ಯಾರು ನೋಡ್ತಾರೆ ಮಾರಾಯ್ರೇ, ಅದು ದಿನಾ ಇದ್ದದ್ದೇ ಅಲ್ವಾ?’ ಎಂದರು.

ದಸರೆಗೆ ಎರಡನೆಯ ಚಿತ್ರ ತೆಗೆಸುತ್ತಾರಂತೆ. ಕಾವಲಿಯ ಮುಂದೆ ಈ ಸಲ ಯಾರು ನಿಲ್ಲುತ್ತಾರೆಂದು ಕೇಳಿದೆವು. ಇನ್ನೂ ತೀರ್ಮಾನವಾಗಿಲ್ಲವಂತೆ.