ಫಲಕದ ಮೈ, ಪುಸ್ತಕದ ಮಾತು

2007ರ ಸೆಪ್ಟೆಂಬರಿನಲ್ಲಿ, ಮಿಲಾನಿನ ಫ್ಯಾಷನ್ ವಾರದ ಹೊತ್ತಿಗೆ, ಇಟಲಿಯಲ್ಲಿ ದೊಡ್ಡದೊಂದು ಜಾಹೀರಾತು ಫಲಕ ಕಾಣಿಸಿಕೊಂಡಿತು. ಒಲಿವಿಯೆರೊ ತೊಸ್ಕಾನಿ ತೆಗೆದ ಚಿತ್ರ. ಎಲುಬಿನ ಹಂದರವಾಗಿದ್ದ ಫ್ರೆಂಚ್ ರೂಪದರ್ಶಿ ಇಸಬೆಲ್ ಕಾರೊ ಬೆತ್ತಲಾಗಿ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾಳೆ. ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಕಾಯಿಲೆ ಬೇಡ ಎಂಬ ಬರಹ. ಜೊತೆಗೆ ನೊಲಿಟಾ ಎಂಬ ಬಟ್ಟೆ ಕಂಪನಿಯ ಹೆಸರು.

ನನ್ನ ತಕರಾರು ಆ ಹೆಸರಿನದೇ. ತೆಳ್ಳಗಿನ ಮೈ ತೋರಿಸಿ ಬಟ್ಟೆ ಮಾರುವ ಉದ್ಯಮ, ಅದರ ವಿರುದ್ಧದ ಎಚ್ಚರಿಕೆಯನ್ನೂ ಮೈ ತೋರಿಸಿಯೇ ಕೊಟ್ಟಿತು, ಹಾಗೆ ಕೊಡುತ್ತಲೇ ತನ್ನ ಹೆಸರನ್ನೂ ಮಾರಿಕೊಂಡಿತು. ಇಟಲಿಯ ಜಾಹೀರಾತು ನಿಯಂತ್ರಕರು ಫಲಕವನ್ನು ನಿಷೇಧಿಸುವಷ್ಟರಲ್ಲಿ ಚಿತ್ರ ಜಗತ್ತು ಸುತ್ತಿತ್ತು. ಕಾಯಿಲೆಗೆ ಸಿಕ್ಕ ಹುಡುಗಿಯರು ಅದನ್ನು ಕಂಡು ಹೆದರುವ ಬದಲು ಅದರಂತಾಗಲು ಹೊರಟರೆ? ಈ ಆತಂಕ ಆಗಲೇ ಕೇಳಿಬಂದಿತ್ತು. ತಳ್ಳಿಹಾಕುವಂಥದ್ದಲ್ಲ.

ಮರುವರ್ಷ ಕಾರೊ ತನ್ನ ಕಥೆಯನ್ನು ಪುಸ್ತಕವಾಗಿ ಬರೆದಳು. ಆಕೆಗೆ ಕಾಯಿಲೆ ಅಂಟಿದ್ದು 13ನೆಯ ವಯಸ್ಸಿನಲ್ಲಿ. ಅದರ ಬೇರನ್ನು ಆಕೆ ಕಂಡದ್ದು ತನ್ನ ನೋವಿನ ಬಾಲ್ಯದಲ್ಲಿ, ತಾಯಿಯ ಜೊತೆಗಿನ ತೊಡಕಿನಲ್ಲಿ. ಫ್ಯಾಷನ್ ಬಂದದ್ದು ಆಮೇಲೆ. ಹಾಗೆಂದು ಫ್ಯಾಷನ್ ನಿರಪರಾಧಿಯೇನಲ್ಲ, ಆದರೆ ಈ ಇಡೀ ಕಥೆಗೆ ಫಲಕದಲ್ಲಿ ಜಾಗವಿರಲಿಲ್ಲ.

2010ರ ನವೆಂಬರಿನಲ್ಲಿ, 28ನೆಯ ವಯಸ್ಸಿನಲ್ಲಿ, ಕಾರೊ ತೀರಿಕೊಂಡಳು. ಸಾವಿನ ಸುದ್ದಿಯ ಜೊತೆಗೂ ಪತ್ರಿಕೆಗಳು ತೊಸ್ಕಾನಿಯ ಆ ಚಿತ್ರವನ್ನೇ ನೆನೆದವು.